ಹೊಳೆಯ ಮಗ್ಗುಲ ಹಾದಿ: ಫ್ರಾನ್ಸಿನ ನದಿಕಣಿವೆಗಳಲ್ಲಿ ಸೈಕಲ್ ದಾರಿಗಳ ಇತಿಹಾಸ

ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸಿಗಳು ಹೆಚ್ಚಾಗಿ ಹಿಡಿಯುವ ದಾರಿಗಳು ನದಿಗಳ ಮಗ್ಗುಲಲ್ಲೇ ಸಾಗುತ್ತವೆ. ಲ್ವಾರ್, ಸೇನ್, ರೋನ್, ಗರೋನ್ ಎಂಬ ನಾಲ್ಕು ದೊಡ್ಡ ನದಿಗಳು, ಅವುಗಳಿಗೆ ಬಂದು ಸೇರುವ ಸೋನ್, ಲೊಟ್, ತಾರ್ನ್, ಅಲಿಯೇ ಮೊದಲಾದ ಹೊಳೆಗಳು ಈ ದಾರಿಗಳ ಬೆನ್ನೆಲುಬು. ಇವುಗಳಲ್ಲಿ ಸೈಕಲ್ಲಿಗೆಂದೇ ಹೊಸದಾಗಿ ಮಾಡಿದ ಭಾಗ ಬಹಳ ಕಡಿಮೆ. ದೋಣಿ ಎಳೆಯುವ ಕುದುರೆಗಳು ತುಳಿದ ದಂಡೆ, ನೆರೆ ತಡೆಯಲು ಎತ್ತಿದ ಮಣ್ಣಿನ ಏರಿ, ಹಳಿ ಕಿತ್ತ ರೈಲುಹಾದಿ, ಹಳ್ಳಿಯ ಗಾಡಿಗಳಿಗಾಗಿ ಜಲ್ಲಿ ಹಾಸಿದ ರಸ್ತೆ, ಇವೇ ಒಂದಕ್ಕೊಂದು ಕೂಡಿಕೊಂಡು ಇಂದಿನ ದಾರಿಯಾಗಿವೆ. ಅವು ಯಾವ ಕೆಲಸಕ್ಕಾಗಿ ಹುಟ್ಟಿದವು, ಆ ಕೆಲಸ ಏಕೆ ನಿಂತಿತು, ನಿಂತ ಮೇಲೂ ದಾರಿ ಏಕೆ ಅಳಿಯಲಿಲ್ಲ ಎಂಬುದು ಮುನ್ನೂರು ವರ್ಷಕ್ಕೂ ಮೀರಿದ ಕಥೆ.

ಎಲ್ಲಕ್ಕೂ ಮೂಲ ನೆಲದ ಇಳಿಜಾರು. ಫ್ರಾನ್ಸಿನ ಅತಿ ಉದ್ದದ ನದಿಯಾದ ಲ್ವಾರ್ 1,000 ಕಿ.ಮೀ.ಗಿಂತ ತುಸು ಹೆಚ್ಚು ಹರಿಯುತ್ತದೆ. ದಕ್ಷಿಣದ ಆರ್ದೇಶ್ ಜಿಲ್ಲೆಯಲ್ಲಿ, ಜೆರ್ಬಿಯೆ ದ ಜೊಂಕ್ ಎಂಬ ಬೆಟ್ಟದ ಬುಡದಲ್ಲಿ, ಸುಮಾರು 1,400 ಮೀಟರ್ ಎತ್ತರದಲ್ಲಿ ಅದರ ಹುಟ್ಟು. ಎತ್ತರದ ಬಹುಪಾಲನ್ನು ದಾರಿಯ ಮೊದಲರ್ಧದಲ್ಲೇ ಕಳೆದುಕೊಂಡು ನೆವೇರ್ ಪಟ್ಟಣಕ್ಕೆ ಬರುವ ನದಿ, ಅಲ್ಲಿಂದ ಅಟ್ಲಾಂಟಿಕ್ ಸಾಗರದವರೆಗಿನ 500 ಕಿ.ಮೀ.ಗೂ ಹೆಚ್ಚು ದೂರದಲ್ಲಿ ಇಳಿಯುವುದು 200 ಮೀಟರಿಗೂ ಕಡಿಮೆ. ಕಣ್ಣು ಈ ಇಳಿಜಾರನ್ನು ಗುರುತಿಸಲಾರದು. ಸರಕು ಹೊತ್ತ ದೋಣಿಗೆ, ಬಂಡಿಗೆ, ಆಮೇಲೆ ರೈಲಿಗೆ ಇಂಥ ನೆಲವೇ ಬೇಕಿತ್ತು. ಕಾಲಿನ ಬಲದಿಂದ ಓಡುವ ಸೈಕಲ್ಲಿಗೂ ಅದೇ ಬೇಕು. ಹಾಗಾಗಿ ಒಂದು ಕಾಲದ ಸಾಗಣೆಯ ದಾರಿ ಇನ್ನೊಂದು ಕಾಲದ ಸಾಗಣೆಗೆ ಹೆಚ್ಚು ತಿದ್ದುಪಡಿಯಿಲ್ಲದೆ ಒದಗಿತು.

ನದಿಯ ದಡ ಯಾರದು ಎಂಬ ಪ್ರಶ್ನೆಗೆ ಫ್ರಾನ್ಸ್ ಬಹು ಹಿಂದೆಯೇ ಉತ್ತರ ಕೊಟ್ಟಿತ್ತು. ಹದಿನಾಲ್ಕನೇ ಲೂಯಿಯ ಮಂತ್ರಿ ಕೊಲ್ಬೇರ್ 1669ರಲ್ಲಿ ಹೊರಡಿಸಿದ ನೀರು ಮತ್ತು ಕಾಡುಗಳ ಕಟ್ಟಳೆಯ ಪ್ರಕಾರ, ದೋಣಿ ಸಂಚರಿಸುವ ನದಿಯ ದಡದ ಜಮೀನಿನವರು ದೋಣಿ ಎಳೆಯುವ ಕಡೆ 24 ಅಡಿ ಅಗಲ, ಎದುರು ದಡದಲ್ಲಿ 10 ಅಡಿ ಅಗಲ ಜಾಗವನ್ನು ತೆರವಾಗಿ ಬಿಡಬೇಕಿತ್ತು. ಅಲ್ಲಿ ಮರ ನೆಡುವಂತಿರಲಿಲ್ಲ, ಬೇಲಿ ಹಾಕುವಂತಿರಲಿಲ್ಲ. ಪ್ರವಾಹದ ಎದುರು ದೋಣಿಯನ್ನು ಹಗ್ಗ ಕಟ್ಟಿ ಎಳೆಯುವ ಆಳುಗಳಿಗೂ ಕುದುರೆಗಳಿಗೂ ತಡೆಯಾಗಬಾರದೆಂಬುದು ಉದ್ದೇಶ. ರಾಜರು ಹೋದರು, ಕ್ರಾಂತಿ ಬಂತು, ಗಣರಾಜ್ಯಗಳು ಒಂದರ ಹಿಂದೊಂದು ಬಂದವು; ಆ ಹಕ್ಕು ಮಾತ್ರ ಉಳಿಯಿತು. ಇಂದಿನ ಕಾನೂನಿನಲ್ಲಿ ಅದೇ ಅಳತೆ 7.80 ಮೀಟರ್ ಮತ್ತು 3.25 ಮೀಟರ್ ಎಂದು ದಾಖಲಾಗಿದೆ. ದೋಣಿ ಎಳೆಯುವ ಕಸುಬು ಸತ್ತು ಬಹುಕಾಲವಾದರೂ ಎಷ್ಟೋ ಹೊಳೆಗಳ ದಡ ಖಾಸಗಿ ತೋಟಗಳ ಒಳಗೆ ಸೇರಿಹೋಗದೆ ತೆರೆದೇ ಇರುವುದಕ್ಕೆ ಈ ಕಟ್ಟಳೆ ಮುಖ್ಯ ಕಾರಣ. ಸೈಕಲ್ ದಾರಿಗಳ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದ ಜಾಗ ಸಾಮಾನ್ಯವಾಗಿ ಸಿಕ್ಕಿಲ್ಲ.

ಲ್ವಾರ್ ಮಾತ್ರ ಎಳೆಯುವ ದಾರಿಗೆ ಸುಲಭವಾಗಿ ಒಗ್ಗಿದ ನದಿಯಲ್ಲ. ಅದರ ಪಾತ್ರದಲ್ಲಿ ಮರಳದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಚಳಿಗಾಲದಲ್ಲಿ ಎರಡೂ ದಡ ಮೀರುವ ಹೊಳೆ. ಆದರೆ ಪಡುವಣ ಗಾಳಿ ಸಾಗರದಿಂದ ಒಳನಾಡಿಗೆ, ಅಂದರೆ ಹರಿವಿಗೆ ಎದುರಾಗಿ ಬೀಸುತ್ತದೆ. ತಳ ಚಪ್ಪಟೆಯಾದ ದೋಣಿಗಳಿಗೆ ದೊಡ್ಡ ಚೌಕ ಹಾಯಿ ಕಟ್ಟಿ, ಒಂದರ ಹಿಂದೊಂದು ಸಾಲಾಗಿ ಬಿಗಿದು, ನಾಂತ್ ಬಂದರಿನಿಂದ ಉಪ್ಪು, ಸಕ್ಕರೆ, ಮೀನುಗಳನ್ನು ಆರ್ಲೆಯಾಂವರೆಗೆ ಮೇಲಕ್ಕೆ ತರುತ್ತಿದ್ದರು. ಇಳಿಯುವಾಗ ವೈನ್, ಕಟ್ಟಿಗೆ, ಕಲ್ಲಿದ್ದಲು ಹರಿವಿನ ಜೊತೆಗೇ ಸಾಗುತ್ತಿದ್ದವು. ಈ ನದಿಯ ವರ್ತಕರು 14ನೇ ಶತಮಾನದಿಂದಲೂ ಒಂದು ಸಂಘ ಕಟ್ಟಿಕೊಂಡು, ಸುಂಕ ಎತ್ತಿ, ಪಾತ್ರದಲ್ಲಿ ಸಿಕ್ಕಿಬಿದ್ದ ಮರ ತೆಗೆಸಿ, ದೋಣಿದಾರಿ ಗುರುತು ಮಾಡಿಸುತ್ತಿದ್ದರು. ಇಂದು ಲ್ವಾರ್ ದಂಡೆಯಲ್ಲಿ ಸಾಗರದ ಕಡೆಯಿಂದ ಮೇಲಕ್ಕೆ ಸೈಕಲ್ ತುಳಿಯುವವರಿಗೆ ಬೆನ್ನಿಗೆ ಬೀಳುವ ಗಾಳಿ ಆ ಹಾಯಿಗಳನ್ನು ತುಂಬಿದ ಗಾಳಿಯೇ. ನಕಾಶೆಯಲ್ಲಿ ಇಳಿಜಾರಾಗಿ ಕಾಣುವ ದಿಕ್ಕಿಗಿಂತ ಏರುವ ದಿಕ್ಕಿನಲ್ಲಿ ಹೋಗುವುದು ಹಲವು ದಿನ ಹಗುರವೆನಿಸುವುದು ಇದರಿಂದ.

ಲ್ವಾರ್ ಕಣಿವೆಯ ಸೈಕಲ್ ದಾರಿಯ ಬಹುಭಾಗ ಏರಿಗಳ ಮೇಲೋ ಅವುಗಳ ಬುಡದಲ್ಲೋ ಹೋಗುತ್ತದೆ. ನೆರೆಯಿಂದ ಹೊಲಗದ್ದೆ ಕಾಪಾಡಲು ಮಣ್ಣು, ಕಟ್ಟಿಗೆ, ಹುಲ್ಲುಹೆಂಟೆಗಳಿಂದ ದಿಬ್ಬ ಎತ್ತುವ ಕೆಲಸ ಇಲ್ಲಿ ಮಧ್ಯಯುಗದಲ್ಲೇ ಶುರುವಾಗಿತ್ತು. 12ನೇ ಶತಮಾನದಲ್ಲಿ ಆಂಜೂ ಪ್ರಾಂತ್ಯದ ಒಡೆಯನೂ ಇಂಗ್ಲೆಂಡಿನ ದೊರೆಯೂ ಆಗಿದ್ದ ಎರಡನೇ ಹೆನ್ರಿ, ಏರಿಯ ಮೇಲೆ ನೆಲೆಸಿ ಅದನ್ನು ನೋಡಿಕೊಳ್ಳುವವರಿಗೆ ಸೈನ್ಯದ ಚಾಕರಿಯಿಂದ ವಿನಾಯಿತಿ ಕೊಟ್ಟ. ಏರಿಯ ಮೇಲೆ ಸಾಲಾಗಿ ಕಟ್ಟಿದ ಹಳ್ಳಿಗಳು ಸೋಮ್ಯುರ್ ಮತ್ತು ಆಂಜೇ ಪಟ್ಟಣಗಳ ನಡುವೆ ಇಂದಿಗೂ ಇವೆ. ಕೊಲ್ಬೇರನ ಕಾಲದಲ್ಲಿ ಏರಿಗಳು ಇನ್ನಷ್ಟು ಎತ್ತರವಾದವು, ಅವುಗಳ ನೆತ್ತಿ ರಸ್ತೆಯಾಯಿತು. ನದಿಯನ್ನು ಹೀಗೆ ಎರಡು ಕಡೆ ಬಿಗಿದದ್ದರ ಫಲ 19ನೇ ಶತಮಾನದಲ್ಲಿ ಕಂಡಿತು. 1846, 1856, 1866, ಹತ್ತತ್ತು ವರ್ಷಕ್ಕೊಮ್ಮೆ ಮೂರು ಮಹಾಪೂರಗಳು ಬಂದವು. 1856ರಲ್ಲಿ ಏರಿಗಳು ನೂರಕ್ಕೂ ಹೆಚ್ಚು ಕಡೆ ಒಡೆದವು. ಆಂಜೇ ಬಳಿಯ ತ್ರೆಲಾಜೆಯ ಸ್ಲೇಟುಕಲ್ಲಿನ ಗಣಿಗಳಿಗೇ ನೀರು ನುಗ್ಗಿತು. ಆಮೇಲೆ ಎಂಜಿನಿಯರುಗಳು ಏರಿಯನ್ನು ಮತ್ತೆ ಮತ್ತೆ ಎತ್ತರಿಸುವ ಬದಲು, ತುಂಬಿದ ನೀರು ಹೊರಹರಿದು ಹೋಗಲು ಅಲ್ಲಲ್ಲಿ ತಗ್ಗು ಕೋಡಿಗಳನ್ನು ಬಿಡುವ ಯೋಜನೆ ಹಾಕಿದರು. ಏರಿಯ ನೆತ್ತಿಯ ಮೇಲೆ ಸಾಗುವವರಿಗೆ ಒಂದು ಬದಿ ಹೊಳೆ, ಇನ್ನೊಂದು ಬದಿ ಹೊಳೆಗಿಂತ ತಗ್ಗಿನಲ್ಲಿರುವ ಮನೆಗಳ ಮಾಡು ಕಾಣುತ್ತವೆ. ಕಣಿವೆಯ ಬದುಕು ಈ ಮಣ್ಣಿನ ಗೋಡೆಯನ್ನು ಎಷ್ಟು ನೆಚ್ಚಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೋಣಿಯ ಕಾಲವನ್ನು ರೈಲು ಮುಗಿಸಿತು. ಆರ್ಲೆಯಾಂನಿಂದ ತೂರ್ ಪಟ್ಟಣಕ್ಕೆ 1846ರಲ್ಲಿ, ಆಂಜೇಗೆ 1849ರಲ್ಲಿ, ನಾಂತ್‌ಗೆ 1851ರಲ್ಲಿ ರೈಲು ಬಂತು. ಇಪ್ಪತ್ತು ವರ್ಷದೊಳಗೆ ಲ್ವಾರ್ ಮೇಲಿನ ದೊಡ್ಡ ವ್ಯಾಪಾರ ಹೆಚ್ಚುಕಡಿಮೆ ಬಿದ್ದುಹೋಯಿತು. ಲೊಟ್ ಹೊಳೆಯದು ಇನ್ನೂ ಮನಸ್ಸಿಗೆ ನಾಟುವ ಉದಾಹರಣೆ. ಕಾಹೋರ್ ಪಟ್ಟಣದ ಕಪ್ಪುಗೆಂಪು ವೈನನ್ನೂ ದೆಕಾಜ್‌ವಿಲ್ಲಿನ ಕಲ್ಲಿದ್ದಲನ್ನೂ ಬೋರ್ದೋ ಕಡೆಗೆ ಇಳಿಸಲು ಈ ಹೊಳೆಗೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಲಾಕ್‌ಗಳನ್ನು ಸಾಲುಸಾಲಾಗಿ ಕಟ್ಟಿದ್ದರು. ಬೂಜಿಯೇ ಎಂಬಲ್ಲಿ ಸುಣ್ಣಕಲ್ಲಿನ ಬಂಡೆ ನೇರ ನೀರಿಗೇ ಇಳಿದಿದ್ದರಿಂದ ಕುದುರೆ ನಡೆಯಲು ಜಾಗವೇ ಇರಲಿಲ್ಲ. 1843ರಿಂದ 1847ರವರೆಗೆ ಬಂಡೆಯ ಮೈಯನ್ನೇ ಕೊರೆದು, ತಲೆಯ ಮೇಲೆ ಕಲ್ಲಿನ ಚಾವಣಿ ಬಾಗಿರುವ ಒಂದು ದಾರಿ ಮಾಡಿದರು. ನಲವತ್ತು ವರ್ಷ ಕಳೆಯುವುದರೊಳಗೆ ಅದೇ ಕಣಿವೆಯಲ್ಲಿ ರೈಲು ಓಡಿತು. 1926ರಲ್ಲಿ ಲೊಟ್ ಹೊಳೆಯ ಹೆಸರನ್ನು ದೋಣಿಸಂಚಾರದ ಪಟ್ಟಿಯಿಂದ ತೆಗೆದುಹಾಕಲಾಯಿತು. ಕೊನೆಗೆ ಆ ರೈಲೂ ನಿಂತಿತು. ಬಂಡೆಯಲ್ಲಿ ಕೊರೆದ ದಾರಿ ಮಾತ್ರ ಸೇಂ-ಸಿರ್ಕ್-ಲಾಪೊಪಿ ಎಂಬ ಬೆಟ್ಟದ ಊರಿಗೆ ಹೋಗುವ ನಡಿಗೆದಾರಿಯಾಗಿ ಉಳಿದಿದೆ.

ಸ್ವಭಾವತಃ ಹಟಮಾರಿಯಾದ ನದಿಗಳ ಪಕ್ಕದಲ್ಲಿ ಫ್ರೆಂಚರು ಕಾಲುವೆ ತೋಡಿದರು. ನಾಲ್ಕನೇ ಹೆನ್ರಿಯ ಕಾಲದಲ್ಲಿ, 1604ರಲ್ಲಿ ಆರಂಭವಾಗಿ 1642ರಲ್ಲಿ ಮುಗಿದ ಬ್ರಿಯಾರ್ ಕಾಲುವೆ ಲ್ವಾರ್ ಮತ್ತು ಸೇನ್ ನದಿಗಳ ಸೀಮೆಗಳನ್ನು ಕೂಡಿಸಿತು. ಪಿಯೇರ್ ಪೋಲ್ ರಿಕೇ ಎಂಬ ಉಪ್ಪಿನ ತೆರಿಗೆಯ ಗುತ್ತಿಗೆದಾರ 1666ರಿಂದ 1681ರವರೆಗೆ ಕಟ್ಟಿಸಿದ, 240 ಕಿ.ಮೀ. ಉದ್ದದ ಮಿದಿ ಕಾಲುವೆ ತುಲೂಸ್ ನಗರವನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಜೋಡಿಸಿತು. ರಿಕೇ ಅದು ಮುಗಿಯುವ ಮೊದಲೇ, 1680ರಲ್ಲಿ ತೀರಿಕೊಂಡ. 1838ರಲ್ಲಿ ಲ್ವಾರ್ ಪಕ್ಕದ ಕಾಲುವೆ, 1856ರಲ್ಲಿ ಗರೋನ್ ಪಕ್ಕದ ಕಾಲುವೆ ತೆರೆದವು. ಬ್ರಿಯಾರ್ ಊರಿನಲ್ಲಿ ಕಾಲುವೆಯೇ ನದಿಯ ಮೇಲೆ ಹಾದುಹೋಗಲು 1896ರಲ್ಲಿ ಉಕ್ಕಿನ ಸೇತುವೆ ಕಟ್ಟಿದರು. 662 ಮೀಟರ್ ಉದ್ದದ ಇದು ನೂರು ವರ್ಷಕ್ಕೂ ಹೆಚ್ಚು ಕಾಲ ಈ ಬಗೆಯ ಸೇತುವೆಗಳಲ್ಲಿ ಅತಿ ಉದ್ದದ್ದಾಗಿತ್ತು. ಪ್ರತಿ ಕಾಲುವೆಗೂ ಎಳೆಯುವ ದಾರಿ ಜೊತೆಯಾಗಿಯೇ ಇತ್ತು. ಕುದುರೆಗೆ ಏರು ಆಗದು, ಆದ್ದರಿಂದ ದಾರಿ ನೀರಿನ ಮಟ್ಟದಲ್ಲೇ ಸಾಗಿ ಲಾಕ್ ಬಂದಾಗ ಮಾತ್ರ ಕೆಲವು ಮೀಟರ್ ಏರುತ್ತಿತ್ತು. ಬಿಸಿಲಿಗೆ ನೆರಳಾಗಲು, ದಂಡೆ ಗಟ್ಟಿಯಾಗಲು ಅಂಚಿನಲ್ಲಿ ಪ್ಲೇನ್ ಮರಗಳ ಸಾಲು ಬೆಳೆಸಿದ್ದರು.

ಕಾಲುವೆ, ಏರಿಗಳ ಕಥೆ ದೊಡ್ಡ ಎಂಜಿನಿಯರುಗಳದು. ಹಳ್ಳಿಯ ರಸ್ತೆಗಳ ಕಥೆ ಊರವರದು, ಸೈಕಲ್ಲಿನ ಮಟ್ಟಿಗೆ ಅದರ ತೂಕವೂ ಅಷ್ಟೇ. 18ನೇ ಶತಮಾನದಲ್ಲಿ ರೈತರಿಂದ ಬಿಟ್ಟಿ ದುಡಿಮೆ ಮಾಡಿಸಿ ರಾಜರಸ್ತೆಗಳನ್ನು ಕಟ್ಟಿಸಿದ್ದರು. ಅವು ಪ್ಯಾರಿಸಿನಿಂದ ಗಡಿಗಳ ಕಡೆಗೆ ನೇರ ಹೊರಟ ರಸ್ತೆಗಳು. ಹಳ್ಳಿಯಿಂದ ಹಳ್ಳಿಗೆ ಹೋಗಲು ಮಳೆಗಾಲದಲ್ಲಿ ಕೆಸರೇ ಗತಿ. 1836ರ ಮೇ 21ರ ಕಾನೂನು ಪ್ರತಿ ಕಮ್ಯೂನಿಗೂ, ಅಂದರೆ ಪ್ರತಿ ಊರಾಡಳಿತಕ್ಕೂ, ತನ್ನ ಊರುದಾರಿಗಳನ್ನು ಸುಸ್ಥಿತಿಯಲ್ಲಿಡುವ ಹೊಣೆ ಹೊರಿಸಿತು. ಊರವರು ವರ್ಷಕ್ಕೆ ಮೂರು ದಿನದವರೆಗೆ ದುಡಿಯಬೇಕು, ಇಲ್ಲವೇ ಅಷ್ಟು ಹಣ ಕಟ್ಟಬೇಕು. ಜಿಲ್ಲೆಗಳು ಈ ರಸ್ತೆಗಳಿಗಾಗಿಯೇ ಮೇಲ್ವಿಚಾರಕರನ್ನು ನೇಮಿಸಿದವು. ಶತಮಾನದ ಕೊನೆಯ ಹೊತ್ತಿಗೆ ದ್ರಾಕ್ಷಿತೋಟ, ಗಿರಣಿ, ಸಂತೆ, ಚರ್ಚು ಎಲ್ಲಕ್ಕೂ ಜಲ್ಲಿ ಹಾಸಿ ರೋಲರ್ ಹೊಡೆದ ದಾರಿಯಾಗಿತ್ತು. ಇಂದು ಫ್ರಾನ್ಸಿನಲ್ಲಿ ಜಿಲ್ಲೆ ಮತ್ತು ಊರಾಡಳಿತಗಳ ಕೈಯಲ್ಲಿರುವ ರಸ್ತೆಗಳ ಉದ್ದ 10 ಲಕ್ಷ ಕಿ.ಮೀ. ಮೀರುತ್ತದೆ. ಅವುಗಳಲ್ಲಿ ಬಹಳಷ್ಟು ಡಾಂಬರು ಕಂಡವು, ವಾಹನ ಅಪರೂಪವಾದವು. ಸೈಕಲ್ ಪ್ರವಾಸಕ್ಕೆ ಫ್ರಾನ್ಸ್ ಹೆಸರಾದದ್ದು ಬೆಟ್ಟಗಳಿಗಿಂತ ಹೆಚ್ಚಾಗಿ ಈ ಊರುದಾರಿಗಳಿಂದ ಎನ್ನುವುದು ಉತ್ಪ್ರೇಕ್ಷೆಯಾಗದು.

ಇಂಥ ನೆಲಕ್ಕೆ 1860ರ ದಶಕದಲ್ಲಿ ಪೆಡಲುಳ್ಳ ಗಾಡಿ ಬಂತು. ಪ್ಯಾರಿಸಿನ ಕಮ್ಮಾರ ಪಿಯೇರ್ ಮಿಶೋ ಅದನ್ನು ಮಾರಾಟಕ್ಕೆ ತಂದವರಲ್ಲಿ ಪ್ರಮುಖ. ಮುಂದೆ ಅವನ ವ್ಯಾಪಾರಕ್ಕೆ ಹಣ ಹಾಕಿದ ಎಮೆ ಮತ್ತು ರೆನೆ ಒಲಿವಿಯೇ ಸೋದರರು 1865ರ ಆಗಸ್ಟಿನಲ್ಲಿ ಗೆಳೆಯ ಜಾರ್ಜ್ ದ ಲಾ ಬೂಗ್ಲೀಸ್ ಜೊತೆ ಪ್ಯಾರಿಸಿನಿಂದ ರೋನ್ ದಡದ ಅವಿನ್ಯೋಂ ಪಟ್ಟಣಕ್ಕೆ ಇಂಥ ಗಾಡಿಗಳ ಮೇಲೆ ಹೊರಟರು. ಕಬ್ಬಿಣದ ಪಟ್ಟಿ ಬಿಗಿದ ಚಕ್ರ, ಮುಂದಿನ ಚಕ್ರಕ್ಕೇ ಕೂಡಿಸಿದ ಪೆಡಲು, ಹೆಸರಿಗಷ್ಟೇ ಬ್ರೇಕು. ಚರಿತ್ರೆಯಲ್ಲಿ ಗೊತ್ತಿರುವ ಮೊದಲ ದೀರ್ಘ ಸೈಕಲ್ ಪಯಣಗಳಲ್ಲಿ ಇದು ಒಂದು. ನಾಲ್ಕು ವರ್ಷದ ಬಳಿಕ, 1869ರ ನವೆಂಬರ್ 7ರಂದು, ಪ್ಯಾರಿಸಿನಿಂದ ಸೇನ್ ಕಣಿವೆಯ ಕೆಳಭಾಗದ ರೂಆಂ ನಗರಕ್ಕೆ 123 ಕಿ.ಮೀ. ಪಂದ್ಯ ನಡೆಯಿತು. ಊರಿಂದೂರಿಗೆ ನಡೆದ ಮೊದಲ ದೊಡ್ಡ ಸೈಕಲ್ ಪಂದ್ಯ ಅದು. ನಾಯಿಯಿಂದ ಎಳೆಸಿಕೊಳ್ಳಬಾರದು, ಹಾಯಿ ಕಟ್ಟಬಾರದು ಎಂಬ ನಿಯಮಗಳಿದ್ದವು. ಕಣಿವೆಯ ಸಾಗಣೆಯ ಹಳೆಯ ಉಪಾಯಗಳು ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದ್ದವು. ನೂರಕ್ಕೂ ಹೆಚ್ಚು ಮಂದಿ ಹೊರಟರು, ಗುರಿ ಮುಟ್ಟಿದವರು ಮೂವತ್ತು ಚಿಲ್ಲರೆ. ಇಂಗ್ಲೆಂಡ್ ಮೂಲದ ಜೇಮ್ಸ್ ಮೂರ್ ಹತ್ತು ಗಂಟೆ ನಲವತ್ತು ನಿಮಿಷದಷ್ಟು ಹೊತ್ತು ತುಳಿದು ಗೆದ್ದ. ‘ಮಿಸ್ ಅಮೆರಿಕಾ’ ಎಂಬ ಹೆಸರಿನಲ್ಲಿ ಓಡಿಸಿದ ಮಹಿಳೆಯೊಬ್ಬಳೂ ಗುರಿ ಮುಟ್ಟಿದಳು.

1888ರಲ್ಲಿ ಡನ್‌ಲಪ್ ಗಾಳಿಟೈರು, 1891ರಲ್ಲಿ ಕ್ಲೆರ್ಮೋಂ-ಫೆರಾಂದಿನ ಮಿಷೆಲಿನ್ ಸೋದರರ ಬಿಚ್ಚಿ ಹಾಕಬಲ್ಲ ಟೈರು ಬಂದ ಮೇಲೆ ಸೈಕಲ್ಲು ದೂರದ ಊರಿಗೂ ನೆಚ್ಚಬಹುದಾದ ವಾಹನವಾಯಿತು. ಆದರೆ ಕಣಿವೆಯಿಂದ ಕಣಿವೆಗೆ ದಾಟಲು ಘಟ್ಟ ಹತ್ತಬೇಕಿತ್ತು, ಒಂದೇ ಗೇರಿನ ಸೈಕಲ್ಲಿಗೆ ಅದು ದೊಡ್ಡ ಶಿಕ್ಷೆ. ಇದನ್ನು ಬದಲಿಸಲು ಬದುಕನ್ನೇ ಸವೆಸಿದವನು ಪೋಲ್ ದ ವಿವಿ. ‘ವೆಲೊಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈತ ಹುಟ್ಟಿದ್ದು 1853ರಲ್ಲಿ, ರೋನ್ ಕಣಿವೆಯ ಪೆರ್ನ್ ಊರಿನಲ್ಲಿ. ರೇಷ್ಮೆ ವ್ಯಾಪಾರ ಬಿಟ್ಟು ಸೇಂತ್-ಎತಿಯೆನ್ ನಗರದಲ್ಲಿ ಸೈಕಲ್ ಅಂಗಡಿ ತೆರೆದ, 1887ರಲ್ಲಿ ಪತ್ರಿಕೆ ಆರಂಭಿಸಿದ. ಸೇಂತ್-ಎತಿಯೆನ್ ಮೇಲಿರುವ ರೆಪ್ಯುಬ್ಲಿಕ್ ಘಟ್ಟದ ಎತ್ತರ 1,161 ಮೀಟರ್. ಘಟ್ಟದ ಒಂದು ಮಗ್ಗುಲಿಗೆ ಬಿದ್ದ ಮಳೆ ಲ್ವಾರ್ ಸೇರಿ ಅಟ್ಲಾಂಟಿಕ್ ಕಡೆಗೆ ಹೋಗುತ್ತದೆ, ಇನ್ನೊಂದು ಮಗ್ಗುಲಿನದು ರೋನ್ ಸೇರಿ ಮೆಡಿಟರೇನಿಯನ್ ಕಡೆಗೆ. ಗೇರುಗಳನ್ನು ಪರೀಕ್ಷೆ ಮಾಡುವ ಅವನ ಪ್ರಯೋಗಶಾಲೆ ಈ ಘಟ್ಟವೇ. ಈಸ್ಟರ್ ರಜೆ ಬಂದರೆ ಗೆಳೆಯರ ಗುಂಪು ಕಟ್ಟಿಕೊಂಡು ಘಟ್ಟ ಇಳಿದು, ರೋನ್ ಕಣಿವೆ ಹಿಡಿದು ಪ್ರೊವಾನ್ಸ್ ಸೀಮೆಗೆ ಹೋಗುತ್ತಿದ್ದ. ಪಂದ್ಯಕ್ಕಾಗಿ ಅಲ್ಲದೆ ನಾಡು ನೋಡುವುದಕ್ಕಾಗಿ ಸೈಕಲ್ ತುಳಿಯುವವರಿಗೆ ಹಲವು ಗೇರು ಬೇಕು, ಹೊಟ್ಟೆ ತುಂಬ ಊಟ ಬೇಕು, ದಣಿವಿಗೆ ಮೊದಲೇ ವಿಶ್ರಾಂತಿ ಬೇಕು ಎಂದು ಸಾರುತ್ತ ಬಂದ. ಟೂರ್ ದ ಫ್ರಾನ್ಸ್ ಪಂದ್ಯದ ಜನಕ ಆಂರಿ ದೆಗ್ರಾಂಜ್ ಗೇರು ಬದಲಿಸುವ ಸಾಧನವನ್ನು ಕೊನೆಯವರೆಗೂ ವಿರೋಧಿಸಿದ; ಪಂದ್ಯದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ವೆಲೊಸಿಯೊ ತೀರಿಕೊಂಡು ಏಳು ವರ್ಷವಾಗಿತ್ತು. ಈ ವಾದದಲ್ಲಿ ಸರಿಯಿದ್ದವನು ವೆಲೊಸಿಯೊನೇ ಎಂದು ಈಗ ಅನುಮಾನವಿಲ್ಲದೆ ಹೇಳಬಹುದು.

ದಾರಿ ಹುಡುಕುವವರಿಗೆ ನಕಾಶೆ ಬೇಕಿತ್ತು. 1890ರಲ್ಲಿ ಸ್ಥಾಪನೆಯಾದ ಟೂರಿಂಗ್ ಕ್ಲಬ್ ದ ಫ್ರಾನ್ಸ್ ಮೊದಲಿಗೆ ಸೈಕಲ್ ಸವಾರರ ಸಂಘ. ಕೈಕಂಬ ನೆಡಿಸುವುದು, ಹಳ್ಳಿಯ ಹೋಟೆಲುಗಳು ಶುಚಿಯಾಗಿರುವಂತೆ ನೋಡಿಕೊಳ್ಳುವುದು ಅದರ ಕೆಲಸವಾಗಿತ್ತು. ಮಿಷೆಲಿನ್ ಸಂಸ್ಥೆ 1910ರಿಂದ ಇಡೀ ದೇಶದ ರಸ್ತೆ ನಕಾಶೆಯನ್ನು 1 ಸೆಂ.ಮೀ.ಗೆ 2 ಕಿ.ಮೀ.ನಂತೆ ಹಾಳೆಹಾಳೆಯಾಗಿ ಹೊರತಂದಿತು. ಮೋಟಾರು ಕಾರಿನವರಿಗೆಂದು ಮಾಡಿದ ಈ ನಕಾಶೆಯಲ್ಲಿ ನೋಟ ಚೆನ್ನಾಗಿರುವ ರಸ್ತೆಗಳಿಗೆ ಹಸಿರು ಅಂಚು ಬಿಡಿಸುವ ರೂಢಿ ಬಂತು. ಅಂಥ ಅಂಚು ಹೊಳೆಗಳ ಗುಂಟವೇ ಹೆಚ್ಚು. ಸೈಕಲ್ಲಿನವರು ತಲೆಮಾರುಗಳ ಕಾಲ ದಾರಿ ಆರಿಸಿದ್ದು ಆ ಹಸಿರು ಗೆರೆ ನೋಡಿ.

1903ರ ಮೊದಲ ಟೂರ್ ದ ಫ್ರಾನ್ಸ್ ಹೆಚ್ಚಾಗಿ ಕಣಿವೆಗಳ ಪಂದ್ಯವೇ ಆಗಿತ್ತು. ಆರು ಹಂತ, 2,428 ಕಿ.ಮೀ. ಪ್ಯಾರಿಸ್ ಹೊರವಲಯದಿಂದ ಲಿಯೋಂಗೆ ಹೋದ 467 ಕಿ.ಮೀ. ಮೊದಲ ಹಂತ ನೆವೇರ್, ಮೂಲಾಂ, ರೋಆನ್ ಮೂಲಕ ಲ್ವಾರ್ ಮತ್ತು ಅಲಿಯೇ ಸೀಮೆಯಲ್ಲಿ ಸಾಗಿತು. ಎರಡನೆಯದು ರೆಪ್ಯುಬ್ಲಿಕ್ ಘಟ್ಟ ದಾಟಿ ರೋನ್ ಕಣಿವೆಗೆ ಇಳಿಯಿತು. 1,000 ಮೀಟರಿಗೂ ಮೇಲಿನ ಘಟ್ಟ ಈ ಪಂದ್ಯದಲ್ಲಿ ಅದೊಂದೇ. ತುಲೂಸಿನಿಂದ ಬೋರ್ದೋಗೆ ಗರೋನ್ ಸೀಮೆ, ಕೊನೆಯಲ್ಲಿ ನಾಂತ್‌ನಿಂದ ಆಂಜೇ, ಸೋಮ್ಯುರ್, ತೂರ್ ಊರುಗಳ ಮೂಲಕ ಮತ್ತೆ ಲ್ವಾರ್. ಹೊರಟ 60 ಮಂದಿಯಲ್ಲಿ 21 ಮಂದಿ ಮುಗಿಸಿದರು, ಮೋರಿಸ್ ಗಾರಾಂ ಗೆದ್ದ. ಕಣಿವೆಯನ್ನು ಹಿಡಿದು ಹೋಗುವುದಕ್ಕೂ ಅಡ್ಡ ದಾಟಿ ಹೋಗುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು 1891ರಲ್ಲಿ ಆರಂಭವಾದ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಪಯಣದಲ್ಲಿ ಗೊತ್ತಾಗುತ್ತದೆ. 1,200 ಕಿ.ಮೀ.ಯ ಆ ದಾರಿಯಲ್ಲಿ ದೊಡ್ಡ ಬೆಟ್ಟ ಒಂದೂ ಇಲ್ಲ, ಆದರೆ ಸಣ್ಣ ಹೊಳೆಗಳನ್ನು ಒಂದರ ಮೇಲೊಂದು ದಾಟುತ್ತ ಹೋಗುವುದರಿಂದ ಏರಿದ್ದನ್ನೆಲ್ಲ ಕೂಡಿಸಿದರೆ 10,000 ಮೀಟರ್ ಮೀರುತ್ತದೆ. ಈ ಪಯಣಕ್ಕೆ ಅರ್ಹತೆ ಪಡೆಯಲು ನಡೆಸುವ 200, 300, 400, 600 ಕಿ.ಮೀ.ಗಳ ‘ಬ್ರೆವೆ’ಗಳು ಈಗ ಬೆಂಗಳೂರಿನಲ್ಲೂ ನಡೆಯುತ್ತವೆ, ನಾಲ್ಕು ವರ್ಷಕ್ಕೊಮ್ಮೆ ಭಾರತದಿಂದ ಹಲವರು ಅಲ್ಲಿಗೆ ಹೋಗುತ್ತಾರೆ.

ಸೈಕಲ್ ಪ್ರವಾಸ ದುಡಿಯುವ ಜನರ ಕೈಗೆ ಸಿಕ್ಕಿದ್ದು 1936ರಲ್ಲಿ. ಆ ವರ್ಷದ ಜೂನ್ 20ರಂದು ಎಡಪಕ್ಷಗಳ ಒಕ್ಕೂಟವಾದ ಪಾಪ್ಯುಲರ್ ಫ್ರಂಟ್‌ನ ಸರಕಾರ ಎಲ್ಲ ಕಾರ್ಮಿಕರಿಗೂ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಡುವ ಕಾನೂನು ಮಾಡಿತು. ಲೆಯೋ ಲಾಗ್ರಾಂಜ್ ಎಂಬ ಮಂತ್ರಿಯ ಪ್ರಯತ್ನದಿಂದ ರೈಲು ಟಿಕೆಟ್ಟಿನ ದರ ಇಳಿಯಿತು. ಗಂಡಹೆಂಡತಿ ಇಬ್ಬರೂ ಕೂತು ತುಳಿಯುವ ಜೋಡಿ ಸೈಕಲ್ಲು ಆ ಬೇಸಿಗೆಯ ಗುರುತಾಯಿತು. ಎರಡನೇ ಮಹಾಯುದ್ಧದ ನಂತರ ಚಿತ್ರ ಬದಲಾಯಿತು. ಪ್ಯಾರಿಸಿನಿಂದ ಲಿಯೋಂ ಮೂಲಕ ರೋನ್ ಕಣಿವೆ ಹಿಡಿದು ಮೆಡಿಟರೇನಿಯನ್ ತೀರಕ್ಕೆ ಹೋಗುವ 7ನೇ ರಾಷ್ಟ್ರೀಯ ಹೆದ್ದಾರಿ ಕಾರುಗಳ ಸಾಲಿನಿಂದ ತುಂಬಿತು. ದೊಡ್ಡ ಕಣಿವೆಗಳ ಸಮತಟ್ಟು ನೆಲವನ್ನು ಹೆದ್ದಾರಿ, ರೈಲು, ಕಾರ್ಖಾನೆ, ಮುಂದೆ ಅಣುಸ್ಥಾವರಗಳು ಹಂಚಿಕೊಂಡವು. ಸೈಕಲ್ಲಿನವರು ಎದುರು ದಡಕ್ಕೆ ಸರಿದರು. ರೋನ್ ನದಿಯ ಎಡದಂಡೆಯಲ್ಲಿ ಹೆದ್ದಾರಿಯಾದರೆ ಬಲದಂಡೆಯಲ್ಲಿ ಅದಕ್ಕಿಂತ ಸಣ್ಣ ರಸ್ತೆ. ಲ್ವಾರ್, ಲೊಟ್ ಕಣಿವೆಗಳಲ್ಲೂ ಹಲವೆಡೆ ಹೀಗೆಯೇ. ಕಣಿವೆಯಲ್ಲಿ ದಾರಿ ಆರಿಸುವ ಜಾಣ್ಮೆಯೆಂದರೆ ಹೆಚ್ಚುಕಡಿಮೆ ಸರಿಯಾದ ದಂಡೆಯನ್ನು ಆರಿಸುವ ಜಾಣ್ಮೆಯೇ ಆಯಿತು.

ತಿರುವು ಬಂದದ್ದು ರೈಲುಹಾದಿಗಳಿಂದ. 1879ರಲ್ಲಿ ಮಂತ್ರಿ ಫ್ರೆಸಿನೇ ರೂಪಿಸಿದ ಯೋಜನೆಯಿಂದ ಹಳ್ಳಿಗಾಡಿಗೆಲ್ಲ ಹಬ್ಬಿದ್ದ ಸಣ್ಣ ರೈಲುಗಳು 1930ರ ದಶಕದಿಂದ ಬಸ್ಸು, ಲಾರಿಗಳ ಎದುರು ಒಂದೊಂದಾಗಿ ನಿಂತವು. ಬರ್ಗಂಡಿಯ ಸೋನ್-ಎ-ಲ್ವಾರ್ ಜಿಲ್ಲೆಯಲ್ಲಿ ಜಿವ್ರಿಯಿಂದ ಕ್ಲೂನಿವರೆಗಿನ 44 ಕಿ.ಮೀ. ಹಳೆಯ ರೈಲುಹಾದಿಗೆ ಡಾಂಬರು ಹಾಕಿ, 1997ರಲ್ಲಿ ನಡೆಯುವವರಿಗೂ ಸೈಕಲ್ಲಿಗೂ ತೆರೆದರು. ಮೋಟಾರು ವಾಹನಕ್ಕೆ ಪ್ರವೇಶವಿಲ್ಲದ ‘ಹಸಿರು ದಾರಿ’ಗಳಲ್ಲಿ ಫ್ರಾನ್ಸಿನ ಮಟ್ಟಿಗೆ ಇದೇ ಮೊದಲನೆಯದು. ಆಮೇಲೆ ಕ್ಲೂನಿಯ ದಕ್ಷಿಣಕ್ಕಿರುವ 1.6 ಕಿ.ಮೀ. ಉದ್ದದ ಬ್ವಾ ಕ್ಲೇರ್ ಸುರಂಗವೂ ತೆರೆಯಿತು. ಬಾವಲಿಗಳು ಅಲ್ಲಿ ಚಳಿಗಾಲದ ನಿದ್ದೆ ಮಾಡುವುದರಿಂದ ಆ ತಿಂಗಳುಗಳಲ್ಲಿ ಸುರಂಗ ಮುಚ್ಚಿರುತ್ತದೆ, ಸೈಕಲ್ಲಿನವರು ಬೆಟ್ಟ ಹತ್ತಿ ಹೋಗಬೇಕು. 1998ರಲ್ಲಿ ಸರಕಾರ ದೇಶವ್ಯಾಪಿ ಸೈಕಲ್ ದಾರಿಗಳ ಯೋಜನೆಯನ್ನು ಒಪ್ಪಿತು. 2004ರ ಸೆಪ್ಟೆಂಬರ್ 16ರ ಆದೇಶ ಹಸಿರು ದಾರಿಗೆ ಸಂಚಾರ ಸಂಹಿತೆಯಲ್ಲಿ ಜಾಗ ಕೊಟ್ಟಿತು. ಕಾಲುವೆದಂಡೆಗಳ ವಿಷಯದಲ್ಲೂ ದಾರಿ ಸಲೀಸಾಯಿತು: ದಂಡೆಯ ಒಡೆತನ ಜಲಮಾರ್ಗ ಇಲಾಖೆಯದು, ಸೈಕಲ್ ದಾರಿಯ ನಿರ್ವಹಣೆ ಸ್ಥಳೀಯ ಆಡಳಿತದ್ದು ಎಂಬ ಒಪ್ಪಂದಗಳಾದವು.

ಲ್ವಾರ್ ಕಣಿವೆಯಲ್ಲಿ ಈ ಬದಲಾವಣೆಗೆ ಇನ್ನೊಂದು ಹಿನ್ನೆಲೆ ಇದೆ. 1980ರ ದಶಕದಲ್ಲಿ ನದಿಗೆ ಸರಣಿ ಅಣೆಕಟ್ಟು ಕಟ್ಟುವ ಯೋಜನೆ ಎದ್ದಿತು. ಲ ಪ್ವಿ ಪಟ್ಟಣದ ಮೇಲಿನ ಸೆರ್ ದ ಲಾ ಫಾರ್ ಎಂಬಲ್ಲಿ ಕಂದರವನ್ನೇ ಮುಳುಗಿಸುವ ಅಣೆಕಟ್ಟಿನ ವಿರುದ್ಧ ಜನ 1989ರಿಂದ ಸ್ಥಳದಲ್ಲೇ ಬಿಡಾರ ಹೂಡಿ ವರ್ಷಗಟ್ಟಲೆ ಕಾದರು. 1994ರಲ್ಲಿ ಸರಕಾರ ಆ ಅಣೆಕಟ್ಟನ್ನು ಕೈಬಿಟ್ಟು, ನದಿಯ ಸಹಜ ಹರಿವಿಗೆ ಬೆಲೆ ಕೊಡುವ ಹೊಸ ಯೋಜನೆ ಪ್ರಕಟಿಸಿತು. ಸುಲ್ಲಿಯಿಂದ ಶಲೋನ್‌ವರೆಗಿನ ಕಣಿವೆ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇದೇ ಕಾಲಘಟ್ಟದಲ್ಲಿ ಎರಡು ಪ್ರಾಂತ್ಯಗಳು ಕೂಡಿ ರೂಪಿಸಿದ ‘ಲಾ ಲ್ವಾರ್ ಆ ವೆಲೊ’ ದಾರಿ ನೆವೇರ್ ಬಳಿಯ ಕುಫಿಯಿಂದ ಸಾಗರತೀರದ ಸೇಂ-ಬ್ರೆವಾಂವರೆಗೆ ಸುಮಾರು 900 ಕಿ.ಮೀ. ಸಾಗುತ್ತದೆ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರಕ್ಕೆ ಹೋಗುವ ಯೂರೋವೆಲೊ 6 ಎಂಬ ಸೈಕಲ್ ದಾರಿಯ ಪಡುವಣ ತುದಿ ಇದೇ. ಸೈಕಲ್ಲು ಭದ್ರವಾಗಿಡಲು ಜಾಗ, ರಿಪೇರಿ ಸಲಕರಣೆ ಇರುವ ತಂಗುದಾಣಗಳಿಗೆ ಇಲ್ಲಿ ಕೊಡಲು ಆರಂಭಿಸಿದ ಗುರುತುಪಟ್ಟಿ ಆಮೇಲೆ ದೇಶಕ್ಕೆಲ್ಲ ಹರಡಿತು. ದಾರಿಯ ಕೆಲವು ತುಣುಕುಗಳು ಏರಿಗೂ ಹೊಳೆಗೂ ನಡುವೆ ತಗ್ಗಿನಲ್ಲಿವೆ. ನೀರು ಏರಿದಾಗ ಅವನ್ನು ಮುಚ್ಚುತ್ತಾರೆ.

ರೋನ್ ಕಣಿವೆಯ ದಾರಿಯ ಹುಟ್ಟು ಇದಕ್ಕೆ ತದ್ವಿರುದ್ಧ. 1933ರಲ್ಲಿ ಸ್ಥಾಪನೆಯಾದ ರೋನ್ ಕಂಪನಿ 1948ರ ಜೆನಿಸಿಯಾ ಅಣೆಕಟ್ಟಿನಿಂದ ಹಿಡಿದು 1986ರವರೆಗೆ ನದಿಯನ್ನು ಮೆಟ್ಟಿಲುಮೆಟ್ಟಿಲಾಗಿ ಪಳಗಿಸಿತು. ಅಣೆಕಟ್ಟುಗಳ ಕಾಲುವೆಯ ದಂಡೆಗಳ ಮೇಲೆ ತಪಾಸಣೆಗೆಂದು ಮಾಡಿದ ದಾರಿಗಳೇ ಜಿನೀವಾ ಸರೋವರದಿಂದ ಮೆಡಿಟರೇನಿಯನ್‌ವರೆಗಿನ 815 ಕಿ.ಮೀ. ‘ವಿಯಾರೋನಾ’ದ ಹಲವು ಭಾಗಗಳನ್ನು ಹೊತ್ತಿವೆ. ಇಲ್ಲಿ ಮಿಸ್ತ್ರಾಲ್ ಗಾಳಿ ಉತ್ತರದಿಂದ ಬಿರುಸಾಗಿ ಬೀಸುವುದರಿಂದ ತೆಂಕಣಕ್ಕೆ ಹೋಗುವುದೇ ಜಾಣತನ. ಮಿದಿ ಕಾಲುವೆಯಲ್ಲಿ ಬೇರೆಯೇ ಕಷ್ಟ: 2006ರಲ್ಲಿ ಪ್ಲೇನ್ ಮರಗಳಿಗೆ ಶಿಲೀಂಧ್ರ ರೋಗ ಕಾಣಿಸಿಕೊಂಡಿತು, ಸಾವಿರಾರು ಮರಗಳನ್ನು ಕಡಿದು ಸುಡಬೇಕಾಯಿತು. ಬೇರೆ ಜಾತಿಯ ಮರಗಳನ್ನು ನೆಟ್ಟಿದ್ದಾರೆ, ನೆರಳು ಬರಲು ಇನ್ನೂ ಕಾಲ ಬೇಕು. ಸೇನ್ ನದಿಯ ದಾರಿ 2020ರಲ್ಲಿ ತೆರೆದು, 1869ರ ಪಂದ್ಯದವರು ಹೋದ ರೂಆಂ ನಗರವನ್ನು ದಾಟಿ ಸಮುದ್ರ ಮುಟ್ಟುತ್ತದೆ.

ಲ್ವಾರ್‌ನ ಮೇಲ್ಭಾಗದಲ್ಲಿ ಮಾತ್ರ ಕೆಲಸ ಬಾಕಿಯಿದೆ. ರೋಆನ್‌ನಿಂದ ಕೆಳಗೆ ಕಾಲುವೆಯ ದಂಡೆ, ಹಳೆಯ ರೈಲುಹಾದಿಗಳು ಸಿಗುತ್ತವೆ. ಅಲ್ಲಿಂದ ಮೇಲೆ, ಮುಳುಗದೆ ಉಳಿದ ಸೆರ್ ದ ಲಾ ಫಾರ್ ಕಂದರವನ್ನು ಹಾದು ಮೂಲದವರೆಗೆ, ಸೈಕಲ್ಲಿಗೆ ಪ್ರತ್ಯೇಕವಾದ ಅಖಂಡ ದಾರಿ ಇಲ್ಲ. ನದಿ ಬಂಡೆಗಳ ನಡುವೆ ಇಕ್ಕಟ್ಟಿನಲ್ಲಿ ಹರಿಯುತ್ತದೆ, ರಸ್ತೆ ಅದನ್ನು ಬಿಟ್ಟು ಬೆಟ್ಟ ಹತ್ತಿ ಮುಂದಿನ ಹಳ್ಳಿಯಲ್ಲಿ ಮತ್ತೆ ಇಳಿಯುತ್ತದೆ. ವಾಹನ ವಿರಳವಾದ ಜಿಲ್ಲಾ ರಸ್ತೆಗಳೇ ಅಲ್ಲಿನ ಆಸರೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಮೂಲದವರೆಗೆ ಹೋಗಬೇಕೆನ್ನುವವರು ಮೇ ತಿಂಗಳಿಂದ ಅಕ್ಟೋಬರಿನೊಳಗೆ, ಏರಿಗೆ ತಕ್ಕ ಹಗುರ ಗೇರಿರುವ ಸೈಕಲ್ಲಿನಲ್ಲಿ ಹೊರಡುವುದು ಒಳ್ಳೆಯದು.